ಸಿಡಿಲಿನ ಹೊತ್ತಿಗೆ ಒಂದು ಲೆಕ್ಕ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಎಷ್ಟೋ ಸಲ ಮಳೆಗಿಂತ ಮೊದಲೇ ಸಿಡಿಲು ಬರುತ್ತದೆ. ನೆನೆಯುತ್ತೇವೆಂದು ಮರದಡಿಗೆ ಓಡಬೇಡಿ, ನೆನೆದರೆ ನೆಗಡಿಯಷ್ಟೇ.

ಮಿಂಚು ಕಂಡೊಡನೆ ಎಣಿಸಲು ಶುರುಮಾಡಿ. ಗುಡುಗು ತಡವಾದ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವುದರೊಳಗೆ ಸದ್ದು ಕೇಳಿತೇ? ಕಾಯಿ ಕೀಳುವ ಉದ್ದ ಕೋಲು, ಅಂದರೆ ದೋಟಿ ಕೈಯಲ್ಲಿದ್ದರೆ ಅದನ್ನು (ಅಲ್ಯೂಮಿನಿಯಂ ದೋಟಿಯಾದರಂತೂ ಮೊದಲು) ಅಲ್ಲೇ ಬಿಟ್ಟು ಮನೆಯೊಳಗೋ ಗಾಜು ಏರಿಸಿದ ಕಾರಿನೊಳಗೋ ಸೇರಿಕೊಳ್ಳಿ. ತೋಟದ ತೆರೆದ ಶೆಡ್ಡು ಸಾಲದು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರಿ. ನಮ್ಮ ಮನೆಯಲ್ಲಿ ಮೋಡ ಕಪ್ಪಾದಾಗಲೇ ಟಿವಿ ಪ್ಲಗ್ ಕಿತ್ತಿಡುತ್ತೇವೆ, ಗುಡುಗು ಶುರುವಾದ ಮೇಲೆ ಮುಟ್ಟುವುದಿಲ್ಲ.

ಹತ್ತಿರದ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಮೊಬೈಲ್‌ನಲ್ಲಿರಲಿ. ಸಿಡಿಲು ಬಡಿದವರನ್ನು ಮುಟ್ಟಲು ಹೆದರಬೇಡಿ, ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತುತ್ತಾ 108ಕ್ಕೆ ಕರೆ ಮಾಡಿಸಿ.