ಟೆನ್ನೆಸ್ಸಿಯ ರಿವಾಲ್ವರ್ ಟೆಕ್ಸಾಸ್‌ಗೆ ಬಂದ ದಾರಿ: ನನ್ನ ಅನುಭವ

ಅಮೆರಿಕದಲ್ಲಿ ಬೇರೆ ರಾಜ್ಯದ ಒಬ್ಬ ಸಾಮಾನ್ಯ ಮನುಷ್ಯನಿಂದ, ಅಂದರೆ ಅಂಗಡಿ ಇಟ್ಟವನಲ್ಲದವನಿಂದ, ಹ್ಯಾಂಡ್‌ಗನ್ (ಪಿಸ್ತೂಲು, ರಿವಾಲ್ವರ್ ಥರದ ಕೈಬಂದೂಕು) ಕೊಳ್ಳಬಹುದಾ? ಕೊಳ್ಳಬಹುದು. ಆದರೆ ಅವರ ಕೈಯಿಂದ ನಮ್ಮ ಕೈಗೆ ನೇರವಾಗಿ ಬರುವ ಹಾಗಿಲ್ಲ. ನಡುವೆ ನಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಒಬ್ಬರು ಇರಲೇಬೇಕು. ಇಷ್ಟು ವಿಷಯ ತಿಳಿಯದೆ ಒಳ್ಳೆಯ ಜನ ಕೇಸಿಗೆ ಸಿಕ್ಕಿಕೊಳ್ಳಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೊಡಗಿನವನು, ಈಗ ಡಲ್ಲಾಸ್ ಪಕ್ಕ ಮನೆ. ನಮ್ಮಲ್ಲಿ ಕೈಲ್ ಮುಹೂರ್ತದ ದಿನ, ಸೆಪ್ಟೆಂಬರ್ 3ಕ್ಕೆ, ಕೋವಿಗಳನ್ನು ಒರೆಸಿ, ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ಅಲ್ಲಿ ಬೆಳೆದವನಿಗೆ ಕೋವಿ ಮನೆಯ ವಸ್ತು. ಆದರೆ ಆ ಸಲಿಗೆ ಇಲ್ಲಿ ನಡೆಯುವುದಿಲ್ಲ, ಇಲ್ಲಿನ ಕಾನೂನನ್ನು ಮೊದಲಿನಿಂದ ಕಲಿಯಬೇಕು.

ನನಗೆ ಬೇಕಾಗಿದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 17. ಪಾಯಿಂಟ್ 22 ಅಳತೆಯ ಗುಂಡು ಹಾಕುವ, ಒಮ್ಮೆಗೆ ಆರು ಗುಂಡು ಹಿಡಿಯುವ ರಿವಾಲ್ವರ್, ಗುರಿ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅದರಲ್ಲೂ ಹಳೆಯದೇ ಬೇಕಿತ್ತು. 1982ರ ಸುಮಾರಿನವರೆಗೆ ಬ್ಯಾರೆಲ್ಲನ್ನು ಫ್ರೇಮಿಗೆ ಅಡ್ಡವಾಗಿ ಒಂದು ಪಿನ್ ಹಾಕಿ ಕೂರಿಸುತ್ತಿದ್ದರು, ಆ ಕಾಲದ ಕೆಲಸದ ನಯವೇ ಬೇರೆ. ಹೊಸ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಜೋಪಾನವಾಗಿ ಇಟ್ಟುಕೊಂಡ ಹಿರಿಯರ ಹತ್ತಿರ ಇರುತ್ತದೆ. ನನಗೆ ಸಿಕ್ಕಿದವರು ಟೆನ್ನೆಸ್ಸಿಯ ಒಬ್ಬ ನಿವೃತ್ತ ಮೆಕ್ಯಾನಿಕ್, ರಿವಾಲ್ವರ್ 1979ರದು.

ಮೊದಲು ಕಾನೂನಿನ ಮಾತು. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದ ಒಬ್ಬರು ಬೇರೆ ರಾಜ್ಯದ ನಿವಾಸಿಗೆ, ಅವರೂ ಲೈಸೆನ್ಸ್ ಇಲ್ಲದವರಾದರೆ, ಬಂದೂಕನ್ನು ನೇರವಾಗಿ ಮಾರುವ ಹಾಗಿಲ್ಲ. ತುಂಬಾ ಜನ ತಿಳಿದುಕೊಂಡಿರುವುದು ಇದು ಪಾರ್ಸೆಲ್ ಕಳಿಸುವುದಕ್ಕೆ ಮಾತ್ರ ಇರುವ ನಿಯಮ ಅಂತ. ಅಲ್ಲ. ನಾನೇ ಕಾರು ಓಡಿಸಿಕೊಂಡು ಟೆನ್ನೆಸ್ಸಿಗೆ ಹೋಗಿ, ಅವರ ಮನೆ ಜಗಲಿಯಲ್ಲಿ ಕೂತು, ದುಡ್ಡು ಕೊಟ್ಟು ತಂದರೂ ಅದು ಅಪರಾಧವೇ, ನನಗೂ ಅಪರಾಧ, ಅವರಿಗೂ ಅಪರಾಧ. ಇಲ್ಲಿ ಲೆಕ್ಕಕ್ಕೆ ಬರುವುದು ನಾವು ಎಲ್ಲಿ ನಿಂತಿದ್ದೇವೆ ಅನ್ನುವುದಲ್ಲ, ನಾವು ಎಲ್ಲಿಯ ನಿವಾಸಿ ಅನ್ನುವುದು. ಟೆನ್ನೆಸ್ಸಿಯ ಅಂಗಡಿಯವರೂ ಟೆಕ್ಸಾಸಿನವನಿಗೆ ಹ್ಯಾಂಡ್‌ಗನ್ ಕೈಗೆ ಕೊಡುವ ಹಾಗಿಲ್ಲ. ರೈಫಲ್, ಶಾಟ್‌ಗನ್ ಆದರೆ ಎರಡೂ ರಾಜ್ಯದ ಕಾನೂನು ಒಪ್ಪುವಾಗ ಅಂಗಡಿಯವರು ಕೊಡಬಹುದು, ಹ್ಯಾಂಡ್‌ಗನ್ ಮಾತ್ರ ಇಲ್ಲ. ಒಂದೇ ರಾಜ್ಯದ ಒಳಗೆ ಇಬ್ಬರು ಖಾಸಗಿಯಾಗಿ ಮಾರಿಕೊಳ್ಳುವುದಕ್ಕೆ ಟೆಕ್ಸಾಸ್‌ನಲ್ಲಿ ಇಂಥ ಕಟ್ಟುಪಾಡು ಇಲ್ಲ, ಅದನ್ನು ನೋಡಿ ನೋಡಿಯೇ ಜನ ಗೊಂದಲ ಮಾಡಿಕೊಳ್ಳುವುದು.

ಅದಕ್ಕಿಂತ ಮುಂಚೆ ಇನ್ನೊಂದು ವಿಷಯ, ನಮ್ಮ ಜನಕ್ಕೆ ಇದೇ ಎಲ್ಲಕ್ಕಿಂತ ಮುಖ್ಯ. ಎಚ್1ಬಿ, ಎಲ್1, ಎಫ್1, ಬಿ2 ಇಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೊಳ್ಳುವುದಿರಲಿ, ಇಟ್ಟುಕೊಳ್ಳುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿ ಇವೆ, ಅದರಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇರುವವರು, ನಾಗರಿಕರಾದವರು ಕೊಳ್ಳಬಹುದು. ಹೊಸದಾಗಿ ಬಂದ ಹುಡುಗರು "ಅಣ್ಣಾ, ಸುಮ್ನೆ ರೇಂಜಿಗೆ ಬಂದು ನಾಲ್ಕು ಗುಂಡು ಹೊಡೆದು ನೋಡ್ತೀನಿ" ಅಂತ ಕೇಳುತ್ತಾರೆ. ನಾನು ಮೊದಲು ವೀಸಾ ಯಾವುದು ಅಂತ ಕೇಳುತ್ತೇನೆ. ಊರಿಂದ ಅಪ್ಪ ಅಮ್ಮ ಬಂದಾಗಲೂ ನಾನು ಸೇಫ್ ತೆರೆದು ಅವರ ಕೈಗೆ ಕೊಡುವುದಿಲ್ಲ. ಇದರಲ್ಲಿ ಎಡವಿದರೆ ಜೈಲಿನ ಮಾತು ಒಂದು ಕಡೆ, ವೀಸಾ, ಗ್ರೀನ್ ಕಾರ್ಡ್ ಕನಸು ಎಲ್ಲಾ ಹೋಗಬಹುದು. ಒಂದು ಗಂಟೆಯ ಖುಷಿಗೆ ಅಷ್ಟು ಬೆಲೆ ಯಾಕೆ?

ನಾನು ದುಡ್ಡಿನ ಮಾತಿಗೆ ಮುಂಚೆ ನಮ್ಮೂರಿನ ಡೀಲರ್ ಹತ್ತಿರ ಹೋದೆ. ಇಂಥವರನ್ನು ಇಲ್ಲಿ ಎಲ್ಲರೂ ಎಫ್‌ಎಫ್‌ಎಲ್ ಅಂತಲೇ ಕರೆಯುತ್ತಾರೆ, ಫೆಡರಲ್ ಲೈಸೆನ್ಸ್ ಇರುವವರು ಅಂತ. ಹೊರಗಿನಿಂದ ಬರುವ ಟ್ರಾನ್ಸ್‌ಫರ್ ತೆಗೆದುಕೊಳ್ಳುತ್ತೀರಾ, ಫೀಸ್ ಎಷ್ಟು, ಕಳಿಸುವವರು ಖಾಸಗಿ ವ್ಯಕ್ತಿ ಆದರೂ ಪರವಾಗಿಲ್ವಾ ಅಥವಾ ಅಲ್ಲಿಯ ಡೀಲರ್ ಮೂಲಕವೇ ಬರಬೇಕಾ ಅಂತ ಕೇಳಿದೆ. ಕಾನೂನು ನೋಡಿದರೆ ಖಾಸಗಿ ವ್ಯಕ್ತಿ ಬೇರೆ ರಾಜ್ಯದ ಡೀಲರ್‌ಗೆ ನೇರವಾಗಿ ಕಳಿಸಬಹುದು. ಆದರೆ ಕೆಲವು ಅಂಗಡಿಯವರು ಇನ್ನೊಬ್ಬ ಡೀಲರ್ ಕಳಿಸಿದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಅದು ಅವರಿಷ್ಟ. ನಮ್ಮವರು 30 ಡಾಲರ್ ಹೇಳಿದರು, ಡೀಲರ್‌ನಿಂದಲೇ ಬರಲಿ ಅಂದರು.

ಹಾಗೆ ಅಂದಿದ್ದೇ ಒಳ್ಳೆಯದಾಯಿತು. ಯಾಕೆಂದರೆ ಖಾಸಗಿಯವರಿಗೆ ಕಳಿಸುವುದೇ ಕಷ್ಟ. 1927ರ ಒಂದು ಕಾನೂನಿನ ಮೇಲೆ ನಿಂತ ಅಂಚೆ ನಿಯಮದಲ್ಲಿ, ನಾನು ಕೊಂಡಾಗ, ಸಾಮಾನ್ಯ ಜನ ಹ್ಯಾಂಡ್‌ಗನ್ ಅಂಚೆಯಲ್ಲಿ ಕಳಿಸುವ ಹಾಗಿರಲಿಲ್ಲ. ಯುಪಿಎಸ್, ಫೆಡ್ಎಕ್ಸ್ ಕೊರಿಯರ್ ಕಂಪನಿಗಳು ಕೂಡ ಈಗ ಲೈಸೆನ್ಸ್ ಇದ್ದು ತಮ್ಮ ಜೊತೆ ಒಪ್ಪಂದ ಮಾಡಿಕೊಂಡವರಿಂದಷ್ಟೇ ಬಂದೂಕಿನ ಪಾರ್ಸೆಲ್ ತೆಗೆದುಕೊಳ್ಳುತ್ತವೆ. ಡೀಲರ್‌ನಿಂದ ಡೀಲರ್‌ಗೆ ಆದರೆ ಒಂದು ಅಫಿಡವಿಟ್ ತುಂಬಿ ಅಂಚೆಯಲ್ಲೇ ಕಳಿಸಬಹುದು, ಅಗ್ಗವೂ ಹೌದು. ಹಾಗಾಗಿ ಮಾರುವವರು ತಮ್ಮೂರಿನ ಡೀಲರ್ ಹತ್ತಿರ ಕೊಂಡುಹೋಗಿ ಕೊಡುವುದು, ಅವರ ಫೀಸ್ ಮತ್ತು ಸಾಗಣೆ ಖರ್ಚು ನನ್ನದು ಅಂತ ಮಾತಾಯಿತು. ಇದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಬೆಲೆ ಒಪ್ಪಿದ ಮೇಲೆ ಈ ಖರ್ಚು ಯಾರದು ಅಂತ ಎಳೆದಾಡಿದರೆ ಸಂಬಂಧ ಕೆಡುತ್ತದೆ.

ವಸ್ತು ನೋಡದೆ ಕೊಳ್ಳುವಾಗ ಏನು ಕೇಳಬೇಕು? ನಾನು ವಿಡಿಯೋ ಕೇಳಿದೆ. ಮೊದಲು ಖಾಲಿ ಇದೆ ಅಂತ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಭಾಗ, ತೆರೆದು ತೋರಿಸಿ. ಆಮೇಲೆ ಹ್ಯಾಮರ್ ನಿಧಾನವಾಗಿ ಹಿಂದಕ್ಕೆ ಎಳೆಯಿರಿ, ಗುಂಡು ಕೂರುವ ಆರೂ ಕೋಣೆಗಳಿಗೂ ಹಾಗೇ ಮಾಡಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ತನ್ನ ಜಾಗದಲ್ಲಿ ಲಾಕ್ ಆಗಿರಬೇಕು. ಒಂದು ಕೋಣೆಗೆ ಆಗದಿದ್ದರೂ ಟೈಮಿಂಗ್, ಅಂದರೆ ಕೋಣೆ ಬ್ಯಾರೆಲ್ಲಿಗೆ ಸರಿಯಾಗಿ ಕೂಡುವ ಹೊಂದಾಣಿಕೆ, ಹೋಗಿದೆ ಅಂತ ಅರ್ಥ. ಪಾಯಿಂಟ್ 22ರಲ್ಲಿ ಇನ್ನೊಂದು ನೋಡಬೇಕು. ಇದರಲ್ಲಿ ಗುಂಡು ಸಿಡಿಸುವ ಪಿನ್ನು ಗುಂಡಿನ ಅಂಚಿಗೆ ಹೊಡೆಯುವುದು, ಖಾಲಿ ಇಟ್ಟು ಟ್ರಿಗರ್ ಎಳೆಯುತ್ತಾ ಕೂತರೆ ಕೋಣೆಯ ಬಾಯಂಚಿನಲ್ಲಿ ಗುಳಿ ಬೀಳಬಹುದು. ಅದರ ಹತ್ತಿರದ ಫೋಟೋ ಕೇಳಿದೆ. ಸಿಲಿಂಡರ್ ತೆರೆದಾಗ ಒಳಗೆ ಕಾಣುವ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡರ ಫೋಟೋ ಕೂಡ. ಕದ್ದ ಮಾಲು ಅಲ್ಲ ಅಂತ ನಾವೇ ನೋಡಿಕೊಳ್ಳೋಣ ಅಂದರೆ ಎಫ್‌ಬಿಐ ಪಟ್ಟಿ ಸಾರ್ವಜನಿಕರಿಗೆ ತೆರೆದಿಲ್ಲ. ಅನುಮಾನ ಇದ್ದರೆ ಪೊಲೀಸ್ ಠಾಣೆಯಲ್ಲಿ ಸೀರಿಯಲ್ ನಂಬರ್ ಕೊಟ್ಟು ಕೇಳಬೇಕು. ಈ ಹಿರಿಯರು ಬೇಜಾರಿಲ್ಲದೆ ಎಲ್ಲಾ ಕಳಿಸಿದರು, ಜೊತೆಗೆ ಹಳೆಯ ನೀಲಿ ಡಬ್ಬಿಯ ಫೋಟೋ ಕೂಡ. ನಂಬರ್ ತೋರಿಸಲು ಹಿಂದೇಟು ಹಾಕುವವರ ಹತ್ತಿರ ನಾನು ಕೊಳ್ಳುವುದಿಲ್ಲ.

ದುಡ್ಡು ಪೋಸ್ಟ್ ಆಫೀಸಿನ ಮನಿ ಆರ್ಡರ್‌ನಲ್ಲಿ ಕಳಿಸಿದೆ. ಪೇಪಾಲ್ ನಿಯಮದಲ್ಲಿ ಬಂದೂಕಿನ ವ್ಯವಹಾರಕ್ಕೆ ಜಾಗ ಇಲ್ಲ. ಒಂದು ಮನಿ ಆರ್ಡರ್‌ಗೆ 1000 ಡಾಲರ್ ಮಿತಿ. ಅದಕ್ಕೂ ಮುಂಚೆ ನಮ್ಮ ಡೀಲರ್ ತಮ್ಮ ಲೈಸೆನ್ಸಿನ ಪ್ರತಿಯನ್ನು ಟೆನ್ನೆಸ್ಸಿಯ ಡೀಲರ್‌ಗೆ ಕಳಿಸಿದರು, ಅವರು ಈ ಲೈಸೆನ್ಸ್ ಕೊಡುವ ಫೆಡರಲ್ ಇಲಾಖೆ ಎಟಿಎಫ್‌ನ ಇಝಡ್ ಚೆಕ್ ಅನ್ನುವ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಅಸಲಿ ಅಂತ ನೋಡಿಕೊಂಡರು.

ಪಾರ್ಸೆಲ್ ಬಂದ ದಿನ ಅದನ್ನು ಡೀಲರ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ನನಗೆ ಫೋನ್ ಮಾಡಿದರು. ಅಂಗಡಿಯಲ್ಲಿ ಕೂತು ಫಾರ್ಮ್ 4473 ಅನ್ನುವ ಫೆಡರಲ್ ಅರ್ಜಿ ತುಂಬಬೇಕು. ಡೀಲರ್‌ನಿಂದ ಹ್ಯಾಂಡ್‌ಗನ್ ಪಡೆಯಲು 21 ವರ್ಷ ಆಗಿರಬೇಕು. ಡ್ರೈವಿಂಗ್ ಲೈಸೆನ್ಸಿನಲ್ಲಿ, ಇಲ್ಲವೇ ಜೊತೆಗೆ ತೋರಿಸುವ ಇನ್ನೊಂದು ಸರ್ಕಾರಿ ಕಾಗದದಲ್ಲಿ, ಈಗಿನ ಮನೆಯ ವಿಳಾಸ ಇರಬೇಕು, ಮನೆ ಬದಲಿಸಿ ವಿಳಾಸ ಬದಲಿಸದವರು ಇಲ್ಲಿ ನಿಲ್ಲುತ್ತಾರೆ. ಪ್ರಶ್ನೆಗಳನ್ನು ಓದಿ ಉತ್ತರ ಕೊಡಿ. ಇದನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಅನ್ನುವುದು ಬಹಳ ದೊಡ್ಡ ಪ್ರಶ್ನೆ. ವೀಸಾದಲ್ಲಿರುವ ಗೆಳೆಯನಿಗೋಸ್ಕರ, ಅವನ ದುಡ್ಡಲ್ಲಿ ನನ್ನ ಹೆಸರಿನಲ್ಲಿ ತೆಗೆದುಕೊಟ್ಟರೆ ಅದು ಸ್ಟ್ರಾ ಪರ್ಚೇಸ್. 2022ರ ಕಾನೂನಿನಲ್ಲಿ ಅದಕ್ಕೆ 15 ವರ್ಷದವರೆಗೆ ಶಿಕ್ಷೆ ಇದೆ. ಗಾಂಜಾ ಬಗ್ಗೆಯೂ ಪ್ರಶ್ನೆ ಇದೆ, ನಿಮ್ಮ ರಾಜ್ಯ ಒಪ್ಪಿದರೂ ಫೆಡರಲ್ ಕಾನೂನು ಒಪ್ಪುವುದಿಲ್ಲ ಅಂತ ಫಾರ್ಮಿನಲ್ಲೇ ಬರೆದಿದ್ದಾರೆ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಸ್ವಲ್ಪ ತಾಪತ್ರಯ ಜಾಸ್ತಿ. ಊರಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲಾ ಸೇರಿ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ಲೈಸೆನ್ಸಿನಲ್ಲಿ ಇರುವ ಹಾಗೇ ಬರೆಯಿರಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಕಡ್ಡಾಯ ಅಲ್ಲ, ಕೊಟ್ಟರೆ ಬೇರೆಯವರ ಜೊತೆ ಬೆರೆಸಿ ನೋಡುವುದು ತಪ್ಪುತ್ತದೆ. ಡೀಲರ್ ಎಫ್‌ಬಿಐನ ಎನ್‌ಐಸಿಎಸ್‌ಗೆ ಕೇಳುತ್ತಾರೆ, ಕೊಳ್ಳುವವರ ಹಿನ್ನೆಲೆ ನೋಡುವ, 1998ರಿಂದ ಇರುವ ವ್ಯವಸ್ಥೆ ಅದು. ಉತ್ತರ ಮೂರು ಥರ: ಮುಂದುವರಿಯಿರಿ, ತಡ, ಇಲ್ಲ. ನನಗೆ ಬಂದಿದ್ದು ತಡ. ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಡೀಲರ್ ಕೊಡಬಹುದು, ಕೊಡದೆಯೂ ಇರಬಹುದು. ನಮ್ಮವರು ಕಾಯೋಣ ಅಂದರು, ನಾನೂ ಒಪ್ಪಿದೆ, ಆಮೇಲೆ ಒಪ್ಪಿಗೆ ಬಂತು. ಪ್ರತಿ ಸಲ ಹೀಗೇ ತಡ ಆಗುವವರು ಎಫ್‌ಬಿಐಗೆ ಅರ್ಜಿ ಹಾಕಿ ಯುಪಿಐಎನ್ ಅನ್ನುವ ಸ್ವಂತ ನಂಬರ್ ಪಡೆಯಬಹುದು, ಮುಂದಿನ ಸಲ ಅದನ್ನು ಫಾರ್ಮಿನಲ್ಲಿ ಬರೆದರೆ ಆಯಿತು. ನಾನು ಹಾಕಿದ್ದೇನೆ.

ಟೆಕ್ಸಾಸ್‌ನಲ್ಲಿ ಕೊಳ್ಳಲು ಬೇರೆ ಪರ್ಮಿಟ್ ಬೇಡ, ನೋಂದಣಿಯೂ ಇಲ್ಲ. ಇದನ್ನು ಓದಿ ಕ್ಯಾಲಿಫೋರ್ನಿಯಾದವರು ಹೊರಡಬೇಡಿ. ಅಲ್ಲಿ 10 ದಿನ ಕಾಯಬೇಕು, ಅಂಗಡಿಯಲ್ಲಿ ಮಾರಲು ಒಪ್ಪಿದ ಹ್ಯಾಂಡ್‌ಗನ್‌ಗಳ ಪಟ್ಟಿಯೇ ಬೇರೆ ಇದೆ. ನಿಮ್ಮ ಡೀಲರ್‌ನೇ ಕೇಳಿ.

ಇನ್ನು ಮೂರು ಸಣ್ಣ ವಿಷಯ, ಜನ ಕೇಳುತ್ತಲೇ ಇರುತ್ತಾರೆ. 50 ವರ್ಷ ದಾಟಿದ, ಮೂಲ ಸ್ಥಿತಿಯಲ್ಲೇ ಇರುವ ಹಳೆಯ ಬಂದೂಕು ಸಂಗ್ರಹಿಸುವವರಿಗೆ ಒಂದು ಬೇರೆ ಫೆಡರಲ್ ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್, ಅದಿದ್ದರೆ ಅಂಥವನ್ನು ಬೇರೆ ರಾಜ್ಯದಿಂದ ನೇರವಾಗಿ ಪಡೆಯಬಹುದು. ನಾನು ಕೊಂಡಾಗ ನನ್ನದಕ್ಕೆ ಅಷ್ಟು ವಯಸ್ಸಾಗಿರಲಿಲ್ಲ. ಬೇರೆ ರಾಜ್ಯದಲ್ಲಿರುವ ಮಗನಿಗೆ ಉಡುಗೊರೆ ಕೊಡುವುದಾದರೂ ಡೀಲರ್ ಮೂಲಕವೇ ಹೋಗಬೇಕು, ಅಪ್ಪ ಮಗ ಅಂತ ರಿಯಾಯಿತಿ ಇಲ್ಲ. ಆದರೆ ತೀರಿಕೊಂಡವರ ವಿಲ್ ಪ್ರಕಾರವೋ, ವಾರಸುದಾರರಾಗಿಯೋ ಬಂದರೆ ಈ ರಾಜ್ಯದಾಟುವ ನಿಯಮ ಅಡ್ಡ ಬರುವುದಿಲ್ಲ, ಮಗ ನೇರವಾಗಿ ತೆಗೆದುಕೊಂಡು ಹೋಗಬಹುದು, ಅವನು ಇಟ್ಟುಕೊಳ್ಳಲು ಅರ್ಹನಾಗಿರಬೇಕು, ಅವನ ರಾಜ್ಯ ಒಪ್ಪಬೇಕು ಅಷ್ಟೆ. ನಾನು ಈ ರಿವಾಲ್ವರ್ ಹೆಸರು, ಸೀರಿಯಲ್ ನಂಬರ್ ಎರಡನ್ನೂ ವಿಲ್‌ನಲ್ಲಿ ಬರೆಸಿದ್ದೇನೆ.