ಕಂಪ್ಯೂಟರ್ ಕಲಿಯುವುದು ಹೇಗೆ? ಮೊದಲು ಅದನ್ನೇ ಕೇಳಿ

ಕಂಪ್ಯೂಟರ್ ಕಲಿಸುವ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಒಂದು ಚಿತ್ರ ಇರುತ್ತದೆ. ಇನ್‌ಪುಟ್, ಪ್ರೊಸೆಸ್, ಔಟ್‌ಪುಟ್ ಅಂತ ಮೂರು ಚೌಕ, ನಡುವೆ ಬಾಣದ ಗುರುತು. ಅದನ್ನು ಬಾಯಿಪಾಠ ಮಾಡಿದವರಿಗೂ ತಮ್ಮ ಲ್ಯಾಪ್‌ಟಾಪ್ ಯಾಕೆ ತೆವಳುತ್ತಿದೆ ಅಂದರೆ ಗೊತ್ತಾಗುವುದಿಲ್ಲ. ಹಾರ್ಡ್‌ವೇರ್ ಒಂದು ಪಾಠ, ಸಾಫ್ಟ್‌ವೇರ್ ಒಂದು ಪಾಠ, ನೆಟ್‌ವರ್ಕ್ ಇನ್ನೊಂದು ಪಾಠ ಅಂತ ಬಿಡಿಬಿಡಿಯಾಗಿ ಓದಿದರೆ ಹೀಗೇ ಆಗುವುದು. ಯಂತ್ರದೊಳಗೆ ಈ ಮೂರೂ ಕೂಡಿಕೊಂಡೇ ಇರುತ್ತವೆ. ಒಂದರ ತೊಂದರೆ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಮುಂದಿರುವ ಕಂಪ್ಯೂಟರಿನಿಂದಲೇ ಶುರು ಮಾಡಿ. ಇಲ್ಲಿರುವ ಉದಾಹರಣೆಗಳು ವಿಂಡೋಸ್‌ನವು. ಮ್ಯಾಕ್, ಲಿನಕ್ಸ್‌ನಲ್ಲಿ ಒತ್ತುವ ಬಟನ್ ಬೇರೆ, ವಿಷಯ ಅದೇ.

ಹೆಜ್ಜೆ 1: ಒಳಗೆ ಏನು ನಡೀತಿದೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಸಿಪಿಯು (ಲೆಕ್ಕವೆಲ್ಲ ಮಾಡುವ ಚಿಪ್), ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಒಂದೊಂದಕ್ಕೂ ಒಂದೊಂದು ಗೆರೆ ಏರುತ್ತಾ ಇಳಿಯುತ್ತಾ ಇರುತ್ತದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ಹತ್ತು ಹದಿನೈದು ಟ್ಯಾಬ್ ತೆರೆಯಿರಿ. ಮೆಮೊರಿ ಗೆರೆ ಏರುತ್ತದೆ. ಟ್ಯಾಬ್ ಮುಚ್ಚಿದರೆ ಇಳಿಯುತ್ತದೆ. ಈಗ ದೊಡ್ಡದೊಂದು ವಿಡಿಯೊ ಫೈಲನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ. ಈ ಸಲ ಕುಣಿಯುವುದು ಡಿಸ್ಕ್ ಗೆರೆ. ತೆರೆದಿಟ್ಟ ಕೆಲಸವೆಲ್ಲ ಇರುವುದು ಮೆಮೊರಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ. ಸೇವ್ ಮಾಡಿದ್ದು ಇರುವುದು ಡಿಸ್ಕ್‌ನಲ್ಲಿ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿದ್ದದ್ದು ಹೋದಂತೆಯೇ. ‘ಸೇವ್ ಮಾಡ್ರೀ’ ಅಂತ ಎಲ್ಲರೂ ಬಡಕೊಳ್ಳುವುದು ಇದಕ್ಕೇ.

ಇದೇ ಪುಟದಲ್ಲಿ ಡಿಸ್ಕ್ ಹೆಸರಿನ ಹತ್ತಿರ ಎಸ್‌ಎಸ್‌ಡಿ ಅಂತಿದೆಯಾ, ಎಚ್‌ಡಿಡಿ ಅಂತಿದೆಯಾ ನೋಡಿ. ಎಚ್‌ಡಿಡಿ ಅಂದರೆ ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್. ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಚಿಪ್. ಅದಕ್ಕೇ ಅದು ಅಷ್ಟು ಚುರುಕು.

ಮುಂದಿನ ಸಲ ಕಂಪ್ಯೂಟರ್ ತೆವಳಿದಾಗ ಮೊದಲು ಈ ಪುಟ ತೆರೆಯಿರಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಪುಟದಲ್ಲೇ ಎಷ್ಟು ಸ್ಲಾಟ್ (ರ‍್ಯಾಮ್ ಕೂರಿಸುವ ಜಾಗ) ಇವೆ, ಎಷ್ಟು ಬಳಕೆಯಲ್ಲಿವೆ ಅಂತಲೂ ತೋರಿಸುತ್ತದೆ. ಒಂದು ಖಾಲಿ ಇದ್ದರೆ ಇನ್ನೊಂದು ರ‍್ಯಾಮ್ ಹಾಕಬಹುದು. ಡಿಸ್ಕ್ ಎಚ್‌ಡಿಡಿ ಆಗಿದ್ದು, ಸದಾ ನೂರಕ್ಕೆ ನೂರರಲ್ಲಿದ್ದರೆ ಎಸ್‌ಎಸ್‌ಡಿಗೆ ಬದಲಾಯಿಸುವುದೇ ದಾರಿ. ಸಿಪಿಯು ನೂರಕ್ಕೆ ಏರಿ ಕೂತಿದ್ದರೆ ಪ್ರೊಸೆಸಸ್ ಪುಟದಲ್ಲಿ ಅದನ್ನು ತಿನ್ನುತ್ತಿರುವ ಪ್ರೋಗ್ರಾಂ ಹೆಸರೇ ಸಿಗುತ್ತದೆ. ‘ಸ್ಲೋ ಆಗಿದೆಯಾ, ಫಾರ್ಮ್ಯಾಟ್ ಮಾಡಿಬಿಡಿ’ (ಅಂದರೆ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿ) ಅನ್ನುವ ಸಲಹೆ ಎಲ್ಲಿ ಕೇಳಿದರೂ ಪುಕ್ಕಟೆ ಸಿಗುತ್ತದೆ. ಈ ಗೆರೆಗಳನ್ನು ನೋಡದೆ ಅದಕ್ಕೆ ಕೈ ಹಾಕಬೇಡಿ.

ಹೆಜ್ಜೆ 2: ಮುಚ್ಚಳ ತೆಗೆಯಿರಿ

ಹಳೆಯ ಡೆಸ್ಕ್‌ಟಾಪ್ ಒಂದು ಕೈಗೆ ಸಿಕ್ಕರೆ ಮಾತ್ರ ಇದನ್ನು ಮಾಡಿ. ವೈರ್ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿ (ಮೈಯಲ್ಲಿನ ಸ್ಥಿರ ವಿದ್ಯುತ್ ಚಿಪ್‌ಗೆ ಹೊಡೆಯಬಾರದಲ್ವಾ), ಪಕ್ಕದ ಮುಚ್ಚಳ ತೆಗೆಯಿರಿ. ದೊಡ್ಡ ಹಲಗೆ ಮದರ್‌ಬೋರ್ಡ್. ಫ್ಯಾನ್ ಅಡಿಯಲ್ಲಿ ಕೂತಿರುವುದು ಸಿಪಿಯು. ಉದ್ದನೆ ಪಟ್ಟಿ ರ‍್ಯಾಮ್. ದುಂಡಗೆ ಹೊಳೆಯುವ ಒಂದು ಸಣ್ಣ ಸೆಲ್ ಕೂಡ ಕಾಣುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವೈರ್ ಕಿತ್ತ ಮೇಲೂ ಕರೆಂಟ್ ಉಳಿದಿರುತ್ತದೆ.

ಹೆಜ್ಜೆ 3: ಆನ್ ಆಗುವುದನ್ನು ಗಮನಿಸಿ

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡ್‌ನ ಒಂದು ಚಿಪ್‌ನಲ್ಲಿ ಪುಟ್ಟ ಪ್ರೋಗ್ರಾಂ ಇರುತ್ತದೆ. ಹಿಂದೆ ಬಯೋಸ್, ಈಗಿನ ಯಂತ್ರಗಳಲ್ಲಿ ಯುಇಎಫ್‌ಐ. ರ‍್ಯಾಮ್ ಇದೆಯಾ, ಡಿಸ್ಕ್ ಇದೆಯಾ ಎಂದು ತಡಕಾಡಿ, ಎಲ್ಲ ಸರಿಯಿದ್ದರೆ ಡಿಸ್ಕ್‌ನಿಂದ ಆಪರೇಟಿಂಗ್ ಸಿಸ್ಟಂ (ಇಲ್ಲಿ ವಿಂಡೋಸ್) ಅನ್ನು ರ‍್ಯಾಮ್‌ಗೆ ಕರೆತರುವ ಕೆಲಸ ಶುರು ಮಾಡಿಸುವುದು ಅದೇ. ಕಂಪನಿಯ ಲೋಗೋ ಕಾಣುವ ತನಕ ಇದರ ಕಾರುಬಾರು. ಚುಕ್ಕಿಗಳು ಸುತ್ತಲು ಶುರುವಾದರೆ ವಿಂಡೋಸ್ ಬಂತು ಅಂತ ಅರ್ಥ. ಲೋಗೋ ಕೂಡ ಬರದೆ ನಿಂತರೆ ಬಹುಪಾಲು ಹಾರ್ಡ್‌ವೇರ್ ದೋಷ. ಚುಕ್ಕಿ ಸುತ್ತುತ್ತಲೇ ಉಳಿದರೆ ಸಾಫ್ಟ್‌ವೇರ್ ಇರಬಹುದು, ಡಿಸ್ಕ್ ಹಾಳಾಗುತ್ತಿರಲೂಬಹುದು. ರಿಪೇರಿಗೆ ಕೊಡುವಾಗ ‘ಆನ್ ಆಗ್ತಿಲ್ಲ’ ಅನ್ನುವ ಬದಲು ಎಲ್ಲಿಯವರೆಗೆ ಬಂದು ನಿಂತಿತು ಅಂತ ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಹೆಜ್ಜೆ 4: ಫೈಲ್‌ನ ಹೊಟ್ಟೆಯೊಳಗೆ

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿ ಕೊಡಿ ಅಂತ ನನ್ನ ಸಲಹೆ. ನೋಟ್‌ಪ್ಯಾಡ್ ತೆರೆದು ‘ಕನ್ನಡ’ ಎಂಬ ಒಂದೇ ಪದ ಟೈಪ್ ಮಾಡಿ. ಹಿಂದೆ ಮುಂದೆ ಸ್ಪೇಸ್ ಬೇಡ, ಎಂಟರ್ ಕೂಡ ಬೇಡ. ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಕೇತವಾಗಿ ಬರೆದಿಡುವ ರೀತಿ) ಯುಟಿಎಫ್-8 ಇರುವಂತೆ ಸೇವ್ ಮಾಡಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಸೈಜ್ ಎದುರು 15 ಬೈಟ್ ಎಂದಿರುತ್ತದೆ. ಹಳೆಯ ನೋಟ್‌ಪ್ಯಾಡ್ ಆದರೆ 18. ಅದು ಫೈಲ್‌ನ ಮೊದಲಿಗೆ ಗುರುತಿಗೆಂದು 3 ಬೈಟ್ ಸೇರಿಸುತ್ತಿತ್ತು.

ಕಣ್ಣಿಗೆ ಕಾಣುವುದು ಮೂರೇ ಅಕ್ಷರ. 15 ಎಲ್ಲಿಂದ ಬಂತು? ಯಂತ್ರದ ಲೆಕ್ಕದಲ್ಲಿ ಇದು ಐದು ಸಂಕೇತ: ಕ, ನ, ಒತ್ತಕ್ಷರ ಮೂಡಿಸುವ ಹಲಂತ, ಮತ್ತೊಂದು ನ, ಡ. ಒಂದೊಂದು ಕನ್ನಡ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್. ಇದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೇವ್ ಮಾಡಿದರೆ ಏಳು ಅಕ್ಷರಕ್ಕೆ 7 ಬೈಟ್. ಒಂದು ಬೈಟ್ ಅಂದರೆ 8 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಕೂರುವ ಎಂಟು ಜಾಗ. ‘ಕಂಪ್ಯೂಟರಿಗೆ ಸೊನ್ನೆ, ಒಂದು ಬಿಟ್ಟರೆ ಏನೂ ಗೊತ್ತಿಲ್ಲ’ ಅನ್ನುವ ಮಾತನ್ನು ಈಗ ನೀವೇ ಅಳೆದು ನೋಡಿದಿರಿ.

ಇನ್ನೊಂದು ಆಟ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯಲ್ಲಿ ಚುಕ್ಕಿಯ ಮುಂದಿನ ಭಾಗ) ಕಾಣುವಂತೆ ಮಾಡಿ. ಒಳಗೆ ಫೋಟೊ ಇರುವ ವರ್ಡ್ ಫೈಲ್ ಒಂದರ ಕಾಪಿ ತೆಗೆದು, ಹೆಸರಿನ ಕೊನೆಯ ‘ಡಾಕ್ಸ್’ (docx) ಅಳಿಸಿ ‘ಜಿಪ್’ (zip) ಎಂದು ಇಂಗ್ಲಿಷ್‌ನಲ್ಲಿ ಹಾಕಿ, ತೆರೆಯಿರಿ. ಒಳಗೆ ಫೋಲ್ಡರ್‌ಗಳು! ನಿಮ್ಮ ಫೋಟೊ ಮೀಡಿಯಾ ಫೋಲ್ಡರ್‌ನಲ್ಲಿ ಬೇರೆಯೇ ಕೂತಿರುತ್ತದೆ. ಒಂದು ಫೈಲ್ ಅಂದುಕೊಂಡದ್ದು ನಿಜಕ್ಕೂ ಒಂದು ಗಂಟು. ಎಕ್ಸ್‌ಟೆನ್ಷನ್ ಕಾಣುವಂತೆಯೇ ಬಿಟ್ಟುಬಿಡಿ. ಫೋಟೊ ಅಂತ ಹೆಸರಿಟ್ಟುಕೊಂಡು ಕೊನೆಯಲ್ಲಿ ‘ಇಎಕ್ಸ್‌ಇ’ (exe, ಅಂದರೆ ಪ್ರೋಗ್ರಾಂ) ಅಂತಿರುವ ಮೋಸದ ಫೈಲ್ ಮೇಲ್‌ನಲ್ಲಿ ಬಂದರೆ ಕಣ್ಣಿಗೆ ಬೀಳುತ್ತದೆ.

ಹೆಜ್ಜೆ 5: ಇಂಟರ್‌ನೆಟ್ ಎಲ್ಲಿ ತಪ್ಪಿತು?

ಕಮಾಂಡ್ ಪ್ರಾಂಪ್ಟ್ (ಆದೇಶಗಳನ್ನು ಟೈಪ್ ಮಾಡಿ ಕೊಡುವ ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಡೀಫಾಲ್ಟ್ ಗೇಟ್‌ವೇ ಎದುರು ಬರುವ ನಂಬರ್ ನಿಮ್ಮ ರೂಟರ್‌ದು. ಈಗ ಪಿಂಗ್ (ping, ಆ ಕಡೆಯಿಂದ ಉತ್ತರ ಬರುತ್ತದಾ ಎಂದು ಕೇಳುವ ಆದೇಶ) ಎಂದು ಬರೆದು ಮುಂದೆ ಆ ನಂಬರ್ ಹಾಕಿ. ಉತ್ತರ ಬರದಿದ್ದರೆ ತೊಂದರೆ ನಿಮಗೂ ರೂಟರ್‌ಗೂ ನಡುವೆ. ಬಂದರೆ 8.8.8.8ಕ್ಕೆ ಪಿಂಗ್ ಮಾಡಿ. ಅದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್. ಇಲ್ಲಿ ಉತ್ತರ ಇಲ್ಲದಿದ್ದರೆ ತೊಂದರೆ ರೂಟರ್ ಆಚೆಗೆ. ಉತ್ತರ ಬಂದೂ ಯಾವ ಸೈಟ್ ಹೆಸರೂ ತೆರೆಯುತ್ತಿಲ್ಲವಾ? ಹಾಗಾದರೆ ಹೆಸರನ್ನು ನಂಬರ್ ಮಾಡಿಕೊಡುವ ಡಿಎನ್‌ಎಸ್‌ನಲ್ಲೇ ಎಡವಟ್ಟು. ಕೆಲವು ಆಫೀಸುಗಳಲ್ಲಿ ಪಿಂಗ್ ತಡೆದಿರುತ್ತಾರೆ, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ವೇಗದ ಬಗ್ಗೆ ಒಂದು ಮಾತು. 100 ಎಂಬಿಪಿಎಸ್ ಕನೆಕ್ಷನ್‌ನಲ್ಲಿ ಸೆಕೆಂಡಿಗೆ 100 ಎಂಬಿ ಇಳಿಯುವುದಿಲ್ಲ. ಅದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿ: ಹೆಚ್ಚೆಂದರೆ 12.5 ಎಂಬಿ.

ಹೆಜ್ಜೆ 6: ಮೂರೂ ಸೇರುವ ಒಂದು ತೊಂದರೆ

ಹಳೆಯ ಡೆಸ್ಕ್‌ಟಾಪ್. ಬೆಳಗ್ಗೆ ಆನ್ ಮಾಡಿದರೆ ಬ್ರೌಸರ್ ಯಾವ ಸೈಟನ್ನೂ ತೆರೆಯುವುದಿಲ್ಲ, ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ತೋರಿಸುವ ಗುರುತುಪತ್ರ) ಸರಿಯಿಲ್ಲ ಅನ್ನುತ್ತದೆ. ಪಿಂಗ್ ಮಾಡಿದರೆ ಉತ್ತರ ಬರುತ್ತಿದೆ. ಅಂದರೆ ನೆಟ್ ಇದೆ. ಪರದೆಯ ಮೂಲೆಯಲ್ಲಿ ತಾರೀಕು ನೋಡಿ. ಎಷ್ಟೋ ವರ್ಷ ಹಿಂದಿನದು! ಸುರಕ್ಷಿತ ಸೈಟ್‌ಗಳ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ತಾರೀಕು ಸರಿ ಮಾಡಿದರೆ ಸೈಟ್ ತೆರೆಯುತ್ತದೆ. ಆದರೆ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿದರೆ ಮರುದಿನ ಅದೇ ಕತೆ.

ಹೆಜ್ಜೆ 2ರಲ್ಲಿ ನೋಡಿದ ದುಂಡಗಿನ ಸೆಲ್ ಇದಕ್ಕೆ ಕಾರಣ. ಸಿಮೋಸ್ ಬ್ಯಾಟರಿ ಅನ್ನುತ್ತಾರೆ. ಸ್ವಿಚ್ ಆಫ್ ಇದ್ದಾಗ ಒಳಗಿನ ಗಡಿಯಾರ ಓಡಿಸುವುದು ಅದೇ. ಅದು ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032, 3 ವೋಲ್ಟ್‌ದು. ಆದರೂ ಹಳೆಯದರ ಮೇಲಿನ ನಂಬರ್ ಓದಿಕೊಂಡೇ ಹೊಸದು ತನ್ನಿ. ವೈರ್ ಕಿತ್ತು, ಪಕ್ಕದ ಕ್ಲಿಪ್ ಮೆಲ್ಲಗೆ ಒತ್ತಿದರೆ ಸೆಲ್ ಮೇಲೇಳುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಬಯೋಸ್‌ನಲ್ಲಿ ನೀವು ಹಿಂದೆ ಬದಲಿಸಿದ್ದ ಸೆಟ್ಟಿಂಗ್‌ಗಳು ಅಳಿಸಿಹೋಗಿರಬಹುದು. ತಾರೀಕಿನ ಜೊತೆಗೆ ಅವನ್ನೂ ಒಮ್ಮೆ ನೋಡಿಕೊಳ್ಳಿ.