ಉಗ್ರಾಣದಲ್ಲಿ ಕೊಳೆಯುವುದು ಹೊಲದಲ್ಲಾದ ಗಾಯ

ಚಳಿಗಾಲ ಇಳಿಯುವ ಮುಂಚಿನ ಐದಾರು ವಾರಗಳಲ್ಲಿ ಸಣ್ಣ ತರಕಾರಿ ತೋಟದ ಎಲ್ಲ ಬೆಳೆಯೂ ಒಟ್ಟೊಟ್ಟಿಗೇ ಕೈಗೆ ಬರುತ್ತದೆ. ದುಡಿಯುವವರು ಮನೆಯ ಮೂರ್ನಾಲ್ಕು ಜನ, ಹಗಲು ಬೇರೆ ದಿನದಿಂದ ದಿನಕ್ಕೆ ಕುಗ್ಗುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಅವಸರದಿಂದ ಕಿತ್ತು ಗುಡ್ಡೆ ಹಾಕಿದ ಮಾಲು ಎರಡು ತಿಂಗಳ ನಂತರ ಲೆಕ್ಕ ಕೇಳುತ್ತದೆ. ಉಗ್ರಾಣದಲ್ಲಿ ಕಾಣುವ ಕೊಳೆತದ ಬಹುಪಾಲು ಅಲ್ಲಿ ಹುಟ್ಟಿದ್ದಲ್ಲ. ಕೊಯ್ದ ದಿನ ತಾಗಿದ ಉಗುರು, ಗುದ್ದಲಿ, ಕ್ರೇಟಿನ ಅಂಚು ಇವೇ ಅದರ ಮೂಲ. ಆದ್ದರಿಂದ ನಮ್ಮ ಕೊಯ್ಲಿನ ಕ್ರಮವೆಲ್ಲ ನಿಂತಿರುವುದು ಎರಡು ವಿಷಯದ ಮೇಲೆ: ಗಾಯ ಆಗದಂತೆ ಕೀಳುವುದು, ಆದ ಗಾಯವನ್ನು ಬೇಗ ಮಾಯಿಸುವುದು.

ಮೊದಲು ಸರದಿ. ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲು ಶುರುವಾದರೆ ಸಿಹಿಕುಂಬಳ, ಗೆಣಸು, ಟೊಮೆಟೊ, ಬದನೆ, ಮೆಣಸಿನಕಾಯಿ, ಬೀನ್ಸ್, ಸೌತೆ ಇವುಗಳ ಕಡೆ ಮೊದಲು ಹೋಗುತ್ತೇವೆ. ಮಂಜು ಹೆಪ್ಪುಗಟ್ಟುವವರೆಗೆ ಕಾಯುವುದು ತಪ್ಪು. ಹೆಪ್ಪುಗಟ್ಟದಿದ್ದರೂ ಬರಿಯ ಚಳಿಯೇ ಇವುಗಳ ಒಳಗನ್ನು ಕೆಡಿಸುತ್ತದೆ, ಹೊರಗೆ ಗೊತ್ತಾಗುವುದು ವಾರಗಳ ಮೇಲೆ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸಿಗೆ ಅಂಥ ಭಯವಿಲ್ಲ. ಚಳಿ ಬಿದ್ದಷ್ಟೂ ಕ್ಯಾರೆಟ್ ಸಿಹಿಯಾಗುತ್ತದೆ, ಹಾಗಾಗಿ ಅದು ನೆಲದಲ್ಲೇ ಇರಲಿ.

ಟೊಮೆಟೊದಲ್ಲಿ ಕೊನೆಗೆ ಉಳಿಯುವುದು ಹಸಿರು ಕಾಯಿ. ಯಾವುದು ಹಣ್ಣಾದೀತು ಎಂದು ತಿಳಿಯಲು ಆ ಗಾತ್ರದ ಒಂದನ್ನು ಅಡ್ಡಕ್ಕೆ ಕುಯ್ಯಿರಿ. ಚಾಕು ಬೀಜವನ್ನೇ ಕತ್ತರಿಸಿದರೆ ಅದು ಎಳೆಯದು, ಹಣ್ಣಾಗುವುದಿಲ್ಲ. ಬೀಜ ಲೋಳೆಯಲ್ಲಿ ಜಾರಿ ಚಾಕುವಿನಿಂದ ತಪ್ಪಿಸಿಕೊಂಡರೆ ಬಲಿತಿದೆ; ಅಂಥವನ್ನು 18ರಿಂದ 20 ಡಿಗ್ರಿಯಲ್ಲಿ ಒಂದೇ ಪದರವಾಗಿ ಹರಡಿದರೆ ಸಾಕು. ತಣ್ಣನೆಯ ಜಾಗದಲ್ಲಿಟ್ಟರೆ ಬಣ್ಣ ಬಂದರೂ ರುಚಿ ಬರುವುದಿಲ್ಲ.

ಸಿಹಿಕುಂಬಳಕ್ಕೆ ಮೂರು ಗುರುತು ನೋಡುತ್ತೇವೆ: ತೊಟ್ಟು ಒಣಗಿ ಬೆಂಡಿನಂತಾಗಿರಬೇಕು, ನೆಲಕ್ಕೆ ತಾಗಿದ ಮಚ್ಚೆ ಬಿಳುಪು ಬಿಟ್ಟು ಹಳದಿಗೆ ತಿರುಗಿರಬೇಕು, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ಕತ್ತರಿಯಲ್ಲಿ 5ರಿಂದ 8 ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಸಬೇಕು. ತಿರುಚಿ ಕೀಳಬಾರದು, ತೊಟ್ಟು ಹಿಡಿದು ಎತ್ತಲೇಬಾರದು. ತೊಟ್ಟು ಮುರಿದ ಜಾಗ ಶಿಲೀಂಧ್ರಕ್ಕೆ ತೆರೆದ ಬಾಗಿಲು. ಹಾಗೆ ಮುರಿದವನ್ನು ಆಗಲೇ ಬೇರೆ ಕ್ರೇಟಿಗೆ ಹಾಕಿ, ಮೊದಲು ಅಡುಗೆಗೆ ಬಳಸುತ್ತೇವೆ.

ಆಮೇಲೆ ಕ್ಯೂರಿಂಗ್, ಅಂದರೆ ಬೆಚ್ಚಗಿನ ಜಾಗದಲ್ಲಿ ಕೆಲವು ದಿನ ಇಟ್ಟು ಗಾಯ ಮಾಯಿಸಿ ಸಿಪ್ಪೆ ಗಟ್ಟಿಯಾಗಿಸುವುದು: 25ರಿಂದ 28 ಡಿಗ್ರಿ, ಚೆನ್ನಾಗಿ ಗಾಳಿಯಾಡುವ ಜಾಗ, 10ರಿಂದ 14 ದಿನ. ಖಾಲಿಯಾದ ಪಾಲಿಹೌಸ್ ಇದಕ್ಕೆ ಒಳ್ಳೆಯದು, ಆದರೆ ನೇರ ಬಿಸಿಲು ಬೀಳದಂತೆ ನೆರಳುಬಲೆ ಬೇಕು. ಮುಗಿದ ಮೇಲೆ 10ರಿಂದ 13 ಡಿಗ್ರಿಯ ಒಣ ಕೋಣೆಯಲ್ಲಿ, ಹಲಗೆಯ ಮೇಲೆ, ಒಂದಕ್ಕೊಂದು ತಾಗದಂತೆ ಒಂದೇ ಸಾಲು. ಸಿಮೆಂಟ್ ನೆಲದ ಮೇಲೆ ನೇರ ಇಟ್ಟರೆ ಅಡಿಯಲ್ಲಿ ತೇವ ನಿಂತು ಅಲ್ಲಿಂದಲೇ ಕೊಳೆಯುತ್ತದೆ.

ನನ್ನ ಲೆಕ್ಕದಲ್ಲಿ ಅತ್ಯಂತ ನಾಜೂಕಿನ ಬೆಳೆ ಗೆಣಸು. ನೋಡಲು ಗಟ್ಟಿ, ಆದರೆ ಅಗೆದ ದಿನ ಅದರ ಸಿಪ್ಪೆ ಬೆರಳು ಉಜ್ಜಿದರೆ ಕಿತ್ತು ಬರುತ್ತದೆ. ಮೊದಲು ಬಳ್ಳಿ ಕತ್ತರಿಸಿ ಸರಿಸುತ್ತೇವೆ. ಬುಡದಿಂದ 30-40 ಸೆಂಟಿಮೀಟರ್ ದೂರದಲ್ಲಿ ಹಲ್ಲಿರುವ ಗುದ್ದಲಿ ಇಳಿಸಿ ಮಣ್ಣು ಸಡಿಲಿಸಿ, ಆಮೇಲೆ ಕೈಯಿಂದಲೇ ಬಿಡಿಸುವುದು. ತೊಳೆಯುವಂತಿಲ್ಲ, ಅಂಟಿದ ಮಣ್ಣು ಒಣಗಿ ತಾನಾಗಿ ಉದುರಲಿ. ಬಿಸಿಲಲ್ಲಿ ಬಿಟ್ಟರೆ ಸಿಪ್ಪೆ ಸುಟ್ಟು ಕಲೆ ಬೀಳುತ್ತದೆ, ಅದಕ್ಕೆ ಅಗೆದದ್ದನ್ನು ಅಗೆದಂತೆ ನೆರಳಿಗೆ ಸಾಗಿಸುತ್ತೇವೆ.

ಗೆಣಸಿನ ಕ್ಯೂರಿಂಗ್ ಕುಂಬಳದ ಹಾಗಲ್ಲ. ಇದಕ್ಕೆ 29-30 ಡಿಗ್ರಿ ಬಿಸಿ ಜೊತೆಗೆ 85ರಿಂದ 90 ಶೇಕಡಾ ತೇವಾಂಶ ಬೇಕು, 4ರಿಂದ 7 ದಿನ. ಆ ಬಿಸಿ, ಆ ತೇವದಲ್ಲಿ ಗಾಯದ ಕೆಳಗೆ ಬೆಂಡಿನಂಥ ಹೊಸ ಪದರ ಕಟ್ಟುತ್ತದೆ. ತೇವ ಕಡಿಮೆಯಾದರೆ ಗಾಯ ಮಾಯುವ ಬದಲು ಬರೀ ಒಣಗುತ್ತದೆ, ಒಳಗೆ ರಕ್ಷಣೆ ಇರುವುದಿಲ್ಲ. ಚಿಕ್ಕ ಕೋಣೆ, ಥರ್ಮೋಸ್ಟಾಟ್ ಇರುವ ಹೀಟರ್, ಸಣ್ಣ ಫ್ಯಾನು, ನೀರು ತುಂಬಿದ ಅಗಲ ಪಾತ್ರೆಗಳು, ಗೋಡೆಗೆ ಒದ್ದೆ ಗೋಣಿ (ಹೀಟರಿನಿಂದ ದೂರದಲ್ಲಿ) ಇಷ್ಟಿದ್ದರೆ ಆಯಿತು. ತೇವಾಂಶ ತೋರಿಸುವ ಮೀಟರ್ ಒಂದು ಇರಲೇಬೇಕು, ಅಂದಾಜು ನಡೆಯುವುದಿಲ್ಲ. ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿ ಬದಲಿಸಬೇಕು, ಏಕೆಂದರೆ ಗೆಡ್ಡೆಯೂ ಉಸಿರಾಡುತ್ತದೆ. ಅವಧಿ ಮುಗಿದ ಮೇಲೂ ಹಾಗೇ ಬಿಟ್ಟರೆ ಮೊಳಕೆ ಒಡೆಯಲು ತೊಡಗುತ್ತದೆ. ಆದ್ದರಿಂದ ಹೀಟರ್ ಆರಿಸಿ 13ರಿಂದ 15 ಡಿಗ್ರಿಗೆ ತರುತ್ತೇವೆ. ಅದಕ್ಕಿಂತ ತಣ್ಣಗಾದರೆ ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ತಿರುಳು ಉಳಿಯುತ್ತದೆ. ಫ್ರಿಜ್ಜಿನಲ್ಲಿ ಗೆಣಸು ಇಡಬಾರದೆನ್ನುವುದು ಇದಕ್ಕೇ. ಅಗೆದ ಕೂಡಲೇ ಸಪ್ಪೆ ಅನ್ನಿಸಿದರೆ ತಳಿಯನ್ನು ದೂರಬೇಡಿ. ಪಿಷ್ಟ ಸಕ್ಕರೆಯಾಗಲು ಕೆಲವು ವಾರ ಕೊಡಬೇಕು.

ಆಲೂಗಡ್ಡೆಯಲ್ಲಿ ಅರ್ಧ ಕೆಲಸ ನೆಲದೊಳಗೇ ಆಗುತ್ತದೆ. ಗಿಡ ಕತ್ತರಿಸಿ ಎರಡು ವಾರ ಬಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡುವುದು, ಸಿಪ್ಪೆ ಸುಲಿದರೆ ಇನ್ನೂ ಕಾಯುವುದು. ಮಣ್ಣು ಒದ್ದೆಯಿದ್ದ ದಿನ ಅಗೆಯುವುದಿಲ್ಲ. ತುಂಬ ತಣ್ಣಗಿರುವ ಬೆಳಗಿನ ಹೊತ್ತೂ ಬೇಡ. ತಣ್ಣನೆಯ ಗೆಡ್ಡೆ ಸ್ವಲ್ಪ ತಾಗಿದರೂ ಒಳಗೆ ಕಪ್ಪಾಗುತ್ತದೆ. ಕ್ರೇಟಿಗೆ ಎಸೆಯದೆ, ಒಂದು ಗೇಣಿಗಿಂತ ಎತ್ತರದಿಂದ ಬೀಳಿಸದೆ ತುಂಬಿ, ಕತ್ತಲಲ್ಲಿ 10ರಿಂದ 15 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ನಂತರ 4ರಿಂದ 7 ಡಿಗ್ರಿಗೆ ಇಳಿಸುತ್ತೇವೆ. ಬೆಳಕು ಬಿದ್ದರೆ ಹಸಿರಾಗಿ ಸೊಲನಿನ್ ಎಂಬ ವಿಷ ಸೇರುತ್ತದೆ, ಆದ್ದರಿಂದ ಕೋಣೆಯ ಕಿಟಕಿಗೂ ಪರದೆ.

ಕ್ಯಾರೆಟ್ ಕಿತ್ತ ಕೂಡಲೇ ಸೊಪ್ಪು ಕತ್ತರಿಸದಿದ್ದರೆ ಗೆಡ್ಡೆಯ ನೀರನ್ನೆಲ್ಲ ಸೊಪ್ಪೇ ಎಳೆದುಬಿಡುತ್ತದೆ. ಬೀಟ್‌ರೂಟಿಗೆ ಮಾತ್ರ ಎರಡು ಮೂರು ಸೆಂಟಿಮೀಟರ್ ದಂಟು ಬಿಡಬೇಕು, ಇಲ್ಲವಾದರೆ ಬಣ್ಣ ಸೋರುತ್ತದೆ. ಎರಡಕ್ಕೂ ಸೊನ್ನೆಯ ಹತ್ತಿರದ ಚಳಿ ಮತ್ತು ಹಸಿ ತೇವ ಒಳ್ಳೆಯದು. ಸ್ವಲ್ಪ ಒದ್ದೆ ಮರಳಿನ ಪದರಗಳಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತವೆ. ಸೇಬು, ಹಣ್ಣಾಗುತ್ತಿರುವ ಟೊಮೆಟೊ ಆ ಕೋಣೆಗೆ ಬರಕೂಡದು. ಅವು ಬಿಡುವ ಎಥಿಲಿನ್ ಅನಿಲದಿಂದ ಕ್ಯಾರೆಟ್ ಕಹಿಯಾಗುತ್ತದೆ. ಎಲೆಕೋಸನ್ನು ಹೊರಗಿನ ಮೂರ್ನಾಲ್ಕು ಎಲೆ ಸಮೇತ ಕೊಯ್ದು ಅದೇ ಕೋಣೆಯಲ್ಲಿಡಬಹುದು.

ಸೊಪ್ಪುಗಳನ್ನು ನಸುಕಿನಲ್ಲೇ ಕೊಯ್ದು ತಣ್ಣೀರಿಗೆ ಅದ್ದಿ ಹೊಲದ ಬಿಸಿ ಇಳಿಸುತ್ತೇವೆ. ಎಲೆ ಹೆಪ್ಪುಗಟ್ಟಿದ್ದ ದಿನ ಮಾತ್ರ ಬಿಸಿಲೇರಿ ಅದು ಕರಗುವವರೆಗೆ ಮುಟ್ಟುವುದಿಲ್ಲ, ಮುಟ್ಟಿದಲ್ಲೆಲ್ಲ ಕಪ್ಪಾಗುತ್ತದೆ.

ಎಲ್ಲ ಒಳಗೆ ಬಂದ ಮೇಲೆ ವಾರಕ್ಕೊಮ್ಮೆ ಪ್ರತಿ ಕ್ರೇಟನ್ನೂ ಕೈಯಾಡಿಸಿ ನೋಡುತ್ತೇವೆ. ಕ್ರೇಟಿಗೆ ಕೊಯ್ದ ದಿನಾಂಕ ಮತ್ತು ಸಾಲಿನ ಸಂಖ್ಯೆ ಬರೆದ ಚೀಟಿ ಇರುತ್ತದೆ. ಒಂದೇ ದಿನದ ಚೀಟಿಯ ಮಾಲು ಸಾಲಾಗಿ ಕೊಳೆತರೆ ಕೋಣೆಯನ್ನಲ್ಲ, ಆ ದಿನದ ಕೆಲಸವನ್ನು ಪರೀಕ್ಷಿಸುತ್ತೇವೆ: ಮಣ್ಣು ಒದ್ದೆಯಿತ್ತೇ, ಗುದ್ದಲಿ ಬುಡಕ್ಕೆ ಹತ್ತಿರ ಬಿತ್ತೇ, ಕ್ರೇಟು ತುಂಬಿ ತುಳುಕಿ ಮೇಲಿನ ಕ್ರೇಟು ಒತ್ತಿತೇ.